ಹಲ್ಲು ಬಿಳಿ ಮಾಡಿಸೋಕೆ ಕ್ಲಿನಿಕ್ಕಾ, ಮನೆಯಲ್ಲೇನಾ?

ಎರಡನ್ನೂ ಮಾಡಿಸಿ ನೋಡಿದ್ದೇನೆ, ನನ್ನ ಓಟು ಡೆಂಟಿಸ್ಟ್ ಅಳತೆ ತೆಗೆದು ಮಾಡಿಕೊಡುವ, ಮನೆಯಲ್ಲೇ ಹಾಕಿಕೊಳ್ಳುವ ಟ್ರೇಗೆ. ತೆಳ್ಳಗಿನ ಪ್ಲಾಸ್ಟಿಕ್, ಹಲ್ಲಿಗೆ ಸರಿಯಾಗಿ ಕೂರುತ್ತದೆ. ಅದರೊಳಗೆ ಹಲ್ಲಿಗೊಂದು ಸಣ್ಣ ಹನಿಯಂತೆ ಹಲ್ಲು ಬಿಳಿ ಮಾಡುವ 10% ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಹಾಕಿ, ರಾತ್ರಿ ಹಾಕಿಕೊಂಡು ಮಲಗಿದರೆ ಆಯ್ತು. ಜೆಲ್ ಜಾಸ್ತಿಯಾದರೆ ಒಸಡಿನ ಅಂಚು ಬೆಳ್ಳಗಾಗಿ ಉರಿಯುತ್ತದೆ, ಆಚೆ ಬಂದದ್ದನ್ನು ಆಗಲೇ ಒರೆಸಿಬಿಡಿ. ಕನಿಷ್ಠ ಎರಡು ವಾರ ತಾಳ್ಮೆ ಬೇಕು.

ಕ್ಲಿನಿಕ್ಕಿನಲ್ಲಿ ಕೂರಿಸಿ ಮಾಡುವುದಕ್ಕೆ ಬಳಸುವುದು 25ರಿಂದ 40% ಹೈಡ್ರೋಜನ್ ಪೆರಾಕ್ಸೈಡ್. ಒಸಡಿಗೆ ರಕ್ಷಣೆಯ ಲೇಪ ಹಚ್ಚಿ, ಸುಮಾರು ಒಂದು ಗಂಟೆಯಲ್ಲಿ ಮುಗಿಸುತ್ತಾರೆ. ಮನೆಯಲ್ಲಿ ಮದುವೆ ಹತ್ತಿರ ಇದ್ದರೆ ಇದೇ ಸರಿ. ಆದರೆ ಆ ರಾತ್ರಿ ತಣ್ಣೀರು ಬಾಯಿಗಿಟ್ಟರೆ ಹಲ್ಲು ಜುಮ್ಮೆಂದು ನೆತ್ತಿಗೇರಿತು, ದುಡ್ಡೂ ಟ್ರೇಗಿಂತ ಜಾಸ್ತಿ. ಜೆಲ್ ಮೇಲೆ ಬಿಡುವ ನೀಲಿ ಲೈಟಿಗೆ ಅಂತ ಬೇರೆ ದುಡ್ಡು ಕೇಳಿದರೆ ಬೇಡ ಅನ್ನಿ, ಕೆಲಸ ಮಾಡುವುದು ಜೆಲ್.

ಚಾರ್ಕೋಲ್ ಪುಡಿ, ನಿಂಬೆಹಣ್ಣು, ಇವನ್ನೆಲ್ಲ ದಯವಿಟ್ಟು ಉಜ್ಜಬೇಡಿ. ಹಲ್ಲಿನ ಹೊರಗಿನ ಗಟ್ಟಿ ಪದರ, ಅಂದರೆ ಎನಾಮಲ್, ಸವೆದರೆ ಮತ್ತೆ ಬೆಳೆಯುವುದಿಲ್ಲ, ಒಳಗಿನ ಹಳದಿ ಪದರವೇ ಇನ್ನಷ್ಟು ಕಾಣುತ್ತದೆ.

ಇನ್ನೊಂದು ವಿಷಯ, ಮುಂದಿನ ಹಲ್ಲಿಗೆ ಕ್ಯಾಪ್ ಅಥವಾ ಫಿಲ್ಲಿಂಗ್ ಇದ್ದರೆ ಅದು ಬಿಳಿಯಾಗುವುದಿಲ್ಲ, ಪಕ್ಕದ ಹಲ್ಲು ಮಾತ್ರ ಬೆಳ್ಳಗಾಗಿ ಎದ್ದು ಕಾಣುತ್ತದೆ. ಕೋಲಾರ, ಪಾವಗಡ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಬರುವ ಕಂದು ಕಲೆಯ ಕಥೆಯೇ ಬೇರೆ, ಅದನ್ನು ಡೆಂಟಿಸ್ಟ್ ನೋಡಲೇಬೇಕು. ಬರೀ ಕಾಫಿ, ಎಲೆ ಅಡಿಕೆ ಕಲೆಯಾದರೆ ಮೊದಲು ಕ್ಲೀನಿಂಗ್ ಮಾಡಿಸಿ ನೋಡಿ, ಎಷ್ಟೋ ಜನಕ್ಕೆ ಅಷ್ಟೇ ಸಾಕಾಗುತ್ತದೆ.