ಎನ್‌ವಿಡಿಎ ಸ್ಕ್ರೀನ್ ರೀಡರ್: ಎಂಟು ವರ್ಷ ಕಿವಿಯಿಂದ ಓದಿದ ಮೇಲೆ

ನನಗೆ ಕಣ್ಣು ಕಾಣುವುದಿಲ್ಲ. ಬಸ್ ಟಿಕೆಟ್, ಬ್ಯಾಂಕು, ಬಟ್ಟೆಬರೆ ಎಲ್ಲವನ್ನೂ ಎಂಟು ವರ್ಷದಿಂದ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಹಾಕಿಕೊಂಡು ನಾನೇ ನೋಡಿಕೊಳ್ಳುತ್ತೇನೆ. ಇದು ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಇದನ್ನು ಶುರು ಮಾಡಿದರು. ಅವರೂ ಅಂಧರೇ. ಇವತ್ತಿಗೂ ಇದಕ್ಕೆ ಒಂದು ರೂಪಾಯಿ ಕೊಡಬೇಕಿಲ್ಲ.

ಎಚ್ ಕೀ ಒತ್ತಿದರೆ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹೋಗಬಹುದು. ಇನ್ಸರ್ಟ್ ಜೊತೆ ಎಫ್7 ಒತ್ತಿದರೆ ಪುಟದ ಲಿಂಕುಗಳೆಲ್ಲ ಪಟ್ಟಿಯಾಗಿ ಸಿಗುತ್ತವೆ. ಇದರ ಜೊತೆ ಬರುವ, ಬರಹವನ್ನು ಮಾತಾಗಿಸುವ ಇಸ್ಪೀಕ್‌ನ ಕನ್ನಡ ಧ್ವನಿ ಯಂತ್ರದ ಹಾಗೇ ಇದೆ, ಆದರೆ ಎಷ್ಟು ವೇಗವಾಗಿ ಓದಿಸಿದರೂ ಅರ್ಥವಾಗುತ್ತದೆ. ತಂತ್ರಾಂಶಕ್ಕೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ.

ತೊಂದರೆ ಇರುವುದು ಅಂಗಡಿಗಳ ಜಾಲತಾಣದಲ್ಲಿ. ಪುಟ ಕಟ್ಟಿದವರು ಬರೆಯದೇ ಬಿಟ್ಟದ್ದನ್ನು ಎನ್‌ವಿಡಿಎ ಎಲ್ಲಿಂದ ಓದೀತು? ಒಂದು ಬಸ್ ಬುಕಿಂಗ್ ತಾಣದಲ್ಲಿ ಸೀಟುಗಳ ನಕ್ಷೆಗೆ ಹೋದರೆ 'ಗ್ರಾಫಿಕ್, ಗ್ರಾಫಿಕ್' ಎನ್ನುತ್ತಲೇ ಇತ್ತು. ಕಿಟಕಿ ಸೀಟು ಯಾವುದು, ಖಾಲಿ ಯಾವುದು, ಒಂದೂ ತಿಳಿಯಲಿಲ್ಲ. ಪಕ್ಕದ ಮನೆಯ ಹುಡುಗನನ್ನು ಕರೆದು ಬುಕ್ ಮಾಡಿಸಿದೆ. ನನ್ನ ಪಾಸ್‌ವರ್ಡ್ ಅವನಿಗೆ ಹೇಳಬೇಕಾಗಿ ಬಂದದ್ದು ಇನ್ನೂ ಮನಸ್ಸಿನಲ್ಲಿದೆ. ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಕನ್ನಡ ಹಾಕಿದ ಪುಟಗಳಂತೂ ಕಿವಿಗೆ ಬರೀ ಗೊಜಲು. ಕಿವಿ ಕೇಳದ ನನ್ನ ಗೆಳೆಯನಿಗೆ ಬೇರೆ ಕಷ್ಟ: ಮಿಕ್ಸಿ ಜೋಡಿಸುವ ವಿಡಿಯೋದಲ್ಲಿ ಮಾತಿದೆ, ಅಡಿಬರಹವಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಡಿಜಿಟಲ್ ಸೇವೆ ಎಲ್ಲರ ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿಗೇ ಸೇರಿದ್ದು ಎಂದು 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಹೇಳಿದೆ. ಅಂಗಡಿಯವರು ಅಷ್ಟು ದೂರ ಹೋಗುವುದೂ ಬೇಡ. ಮೌಸ್ ಕಿತ್ತಿಟ್ಟು, ಟ್ಯಾಬ್ ಮತ್ತು ಎಂಟರ್ ಕೀಗಳಿಂದಲೇ ತಮ್ಮ ತಾಣದಲ್ಲಿ ಒಂದು ವಸ್ತು ಕೊಂಡು ದುಡ್ಡು ಕಟ್ಟಿ ನೋಡಲಿ. ಅರ್ಧ ದೋಷ ಅಲ್ಲೇ ಗೊತ್ತಾಗುತ್ತದೆ.

ಸೀರೆ ಮಾರುವ ಒಂದು ಪುಟ್ಟ ತಾಣದಲ್ಲಿ ಪ್ರತಿ ಚಿತ್ರಕ್ಕೂ ಬರೀ ಫೈಲ್ ನಂಬರು ಓದುತ್ತಿತ್ತು. ಇಮೇಲ್ ಬರೆದೆ. ಎರಡು ವಾರ ಬಿಟ್ಟು ಹೋದರೆ ಎನ್‌ವಿಡಿಎ ಓದಿತು: 'ಇಳಕಲ್ ಸೀರೆ, ಹಸಿರು ಒಡಲು, ಗೋಮಿ ದಡಿ, ಕೆಂಪು ಸೆರಗಿನಲ್ಲಿ ಬಿಳಿ ಗೋಪುರಗಳು.' ಅದನ್ನು ಮೂರು ಸಲ ಓದಿಸಿ ಕೇಳಿದೆ. ಅಕ್ಕನಿಗೆಂದು ಅವತ್ತೇ ಕೊಂಡೆ, ಯಾರನ್ನೂ ಕರೆಯದೆ.