ಎಡಿಡಿನಾ, ಎಡಿಎಚ್‌ಡಿನಾ?

ರಾಯಚೂರಿನಲ್ಲಿರುವ ಅಕ್ಕನ ಮಗನ ಹಳೆ ಡಾಕ್ಟರ್ ಚೀಟಿಯಲ್ಲಿ ‘ಎಡಿಡಿ’ (ಗಮನ ನಿಲ್ಲದ ತೊಂದರೆ) ಅಂತಿತ್ತು, ಹೊಸದರಲ್ಲಿ ‘ಎಡಿಎಚ್‌ಡಿ’ (ಗಮನ ನಿಲ್ಲದ, ಅತಿ ಚಡಪಡಿಕೆಯ ತೊಂದರೆ). ಜಾಸ್ತಿ ಆಯ್ತಾ ಅಂತ ಅಕ್ಕನಿಗೆ ಗಾಬರಿ. ಹಾಗೇನಿಲ್ಲ, ಬದಲಾಗಿದ್ದು ಹೆಸರು.

ಎಡಿಡಿ ಅನ್ನುವುದು ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 1980ರಲ್ಲಿ ಬಂದ ಹೆಸರು. 1987ರಲ್ಲೇ ಅದು ಎಡಿಎಚ್‌ಡಿ ಆಯಿತು.

ಈಗ ಆ ಒಂದೇ ಹೆಸರಿನಡಿ ಮೂರು ಬಗೆ. ಮೊದಲನೆಯದರಲ್ಲಿ ಗಮನ ಜಾರುವುದೇ ಜಾಸ್ತಿ. ಮಗು ಸುಮ್ನೆ ಕೂತಿರುತ್ತದೆ, ಲೆಕ್ಕ ಅರ್ಧಕ್ಕೇ ಬಿಟ್ಟು ಕಿಟಕಿ ನೋಡುತ್ತದೆ. ಜನ ಇನ್ನೂ ಎಡಿಡಿ ಅನ್ನುವುದು ಇದಕ್ಕೇ. ಗಲಾಟೆ ಇಲ್ಲ ನೋಡಿ, ಮೇಷ್ಟ್ರ ಕಣ್ಣಿಗೆ ಬೇಗ ಬೀಳುವುದಿಲ್ಲ. ಎರಡನೆಯದರಲ್ಲಿ ಚಡಪಡಿಕೆ, ದುಡುಕು. ಮೂರನೆಯದರಲ್ಲಿ ಎರಡೂ.

ಡಾಕ್ಟರ ಹತ್ತಿರವಾಗಲಿ ಶಾಲೆಯಲ್ಲಾಗಲಿ ಎಡಿಎಚ್‌ಡಿ ಅಂತಲೇ ಹೇಳಿ. ಯಾವ ಬಗೆ ಅನ್ನುವುದನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ.