ಹಳೇ ಮೋಟರ್‌ಹೋಮ್‌ನ ಮುಂದಿನ ಆಕ್ಸಲ್‌ಗೆ ನೀವೇ ಕೈ ಹಾಕುವ ಮುಂಚೆ ಇದನ್ನು ಓದಿ

ಕಾರಿನ ರಿಪೇರಿ ಮಾಡಿ ಅಭ್ಯಾಸ ಇದೆ ಅನ್ನೋ ಒಂದೇ ಧೈರ್ಯದ ಮೇಲೆ ಮೋಟರ್‌ಹೋಮ್ (ಮನೆ ಹಾಗೆ ಒಳಗೇ ಇರಬಹುದಾದ ಗಾಡಿ) ಕೆಳಗೆ ಹೋಗಬೇಡಿ. ನಾನು ಹೋಗಿದ್ದೆ. ಕಾಲು ಉಳಿದದ್ದೇ ಪುಣ್ಯ. ಆಕ್ಸಲ್ ಉಳಿಯಲಿಲ್ಲ.

ನಮ್ಮ ಗಾಡಿಗೆ 30 ವರ್ಷ ದಾಟಿದೆ. ಮುಂದಿನ ಆಕ್ಸಲ್ ಅಂದರೆ ಲಾರಿಯಲ್ಲಿ ಇರುವ ಹಾಗೆ ಅಡ್ಡಕ್ಕೆ ಒಂದೇ ಉಕ್ಕಿನ ಬೀಮ್, ಅದರ ಮೇಲೆ ಕಮಾನ್ ಪಟ್ಟಿ. ಬೀಮ್‌ನ ಎರಡೂ ತುದಿಯಲ್ಲಿ ಒಂದೊಂದು ಕಿಂಗ್‌ಪಿನ್. ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವುದು ಈ ಪಿನ್ನಿನ ಸುತ್ತ. ಕೆಲವು ತಿಂಗಳಿಂದ ಸ್ವಲ್ಪ ವೇಗಕ್ಕೆ ಹೋದರೆ ಸಾಕು, ಸ್ಟೇರಿಂಗ್ ಅದುರುತ್ತಿತ್ತು. ಗಾಡಿ ಒಂದೇ ಪಕ್ಕಕ್ಕೆ ಎಳೆಯುತ್ತಿತ್ತು.

ತಪ್ಪು ಎಲ್ಲಿದೆ ಅಂತ ಹುಡುಕಿದ ರೀತಿ ಸರಿಯಾಗೇ ಇತ್ತು. ಚಕ್ರ ನೆಲದಿಂದ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದೆ. ಟಕ್ ಟಕ್ ಅಂತ ಪ್ಲೇ, ಅಂದರೆ ಸಡಿಲ ಅಲುಗಾಟ, ಗೊತ್ತಾಯಿತು. ತಮ್ಮನಿಗೆ ಬ್ರೇಕ್ ತುಳಿದು ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿದೆ. ಬ್ರೇಕ್ ಹಿಡಿದಾಗ ಪ್ಲೇ ನಿಂತುಹೋದರೆ ವೀಲ್ ಬೇರಿಂಗ್ ಸಡಿಲ ಅಂತ ಅರ್ಥ. ಆಗಲೂ ಹಾಗೇ ಇದ್ದರೆ ಕಿಂಗ್‌ಪಿನ್ ಅಥವಾ ಅದರ ಸುತ್ತ ಕೂರುವ ಬಳೆಯಂಥ ಬುಶ್ ಸವೆದಿದೆ ಅಂತ. ನಮ್ಮದು ಹಾಗೇ ಇತ್ತು. ಇಷ್ಟು ತಿಳಿದ ಮೇಲೆ ನಾನು ನಿಲ್ಲಿಸಬೇಕಿತ್ತು.

ಗಾಡಿ ನಿಂತಿದ್ದು ಮಣ್ಣಿನ ನೆಲದ ಮೇಲೆ. ಗಟ್ಟಿ ಇದೆ ಅನಿಸಿತು. ಆಕ್ಸಲ್ ಕೆಳಗೆ ಜಾಕ್ ಕೊಟ್ಟು ಎತ್ತಿ, ಎತ್ತಿದ ಗಾಡಿಯನ್ನು ಹೊರಲು ಕಾರಿಗೆ ಬಳಸುತ್ತಿದ್ದ ಸ್ಟ್ಯಾಂಡನ್ನೇ ಒಂದು ತೆಳ್ಳಗಿನ ಹಲಗೆ ಮೇಲೆ ಇಟ್ಟೆ. ಕಾರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಅದು ನನ್ನ ತಲೆಗೆ ಹೋಗಲೇ ಇಲ್ಲ. ಮೋಟರ್‌ಹೋಮ್ ಯಾವಾಗಲೂ ತುಂಬಿದ ಗಾಡಿ, ಅಲ್ವಾ? ಒಲೆ, ಫ್ರಿಜ್, ಮಂಚ, ಬೀರು, ನೀರಿನ ಟ್ಯಾಂಕ್ ಎಲ್ಲ ಅದರಲ್ಲೇ ಇರುತ್ತವೆ. ಮುಂದಿನ ಆಕ್ಸಲ್ ಒಂದರ ಮೇಲೇ ಎರಡು ಟನ್ನಿಗೂ ಜಾಸ್ತಿ ಭಾರ ಕೂತಿರಬಹುದು. ಸ್ಟ್ಯಾಂಡ್ ಎಷ್ಟು ತಡೆಯುತ್ತದೆ ಅಂತ ಅದರ ಮೇಲೇ ಬರೆದಿರುತ್ತದೆ. ನಾನು ಓದಲಿಲ್ಲ.

ಸುತ್ತಿಗೆಯಲ್ಲಿ ಪಿನ್ನಿಗೆ ಹೊಡೆದಾಗಲೆಲ್ಲ ಗಾಡಿ ಸ್ವಲ್ಪ ಸ್ವಲ್ಪ ತೂಗುತ್ತಿತ್ತು. ಪ್ರತಿ ಏಟಿಗೂ ಸ್ಟ್ಯಾಂಡಿನ ಒಂದು ಕಾಲು ಹಲಗೆ ಸೀಳಿಕೊಂಡು ಮಣ್ಣಿಗೆ ಇಳಿಯುತ್ತಿತ್ತು. ನಾನು ನೋಡುತ್ತಿದ್ದದ್ದು ಪಿನ್ನನ್ನು. ತಮ್ಮ "ಅಣ್ಣಾ, ವಾಲ್ತಿದೆ, ಹೊರಗೆ ಬಾ" ಅಂತ ಕೂಗಿದ. ನಾನು ಕಾಲು ಎಳೆದುಕೊಳ್ಳುವುದಕ್ಕೂ ಸ್ಟ್ಯಾಂಡ್ ಜಾರುವುದಕ್ಕೂ ಸರಿಹೋಯಿತು. ಬಿಚ್ಚಿದ ಚಕ್ರವನ್ನು ಚಾಸಿ ಕೆಳಗೆ ಮಲಗಿಸಿಟ್ಟಿದ್ದೆ. ಗಾಡಿ ಅದರ ಮೇಲೆ ಕೂತಿತು. ಚಕ್ರ ಇಲ್ಲದಿದ್ದರೆ ನನ್ನ ಮೊಣಕಾಲು ಎಲ್ಲಿತ್ತೋ ಅಲ್ಲಿಗೆ ಬರುತ್ತಿತ್ತು. ಇದನ್ನು ಬರೆಯುವಾಗಲೂ ಕೈ ತಣ್ಣಗಾಗುತ್ತದೆ.

ಕೆಲವು ಗಾಡಿಗಳಿಗೆ ಮಟ್ಟ ಮಾಡಿ ನಿಲ್ಲಿಸಲು ಅವುಗಳದ್ದೇ ಲೆವೆಲಿಂಗ್ ಜಾಕ್ ಇರುತ್ತವೆ. ಅವನ್ನು ನಂಬಿ ಕೆಳಗೆ ಹೋಗುವುದಂತೂ ಬೇಡವೇ ಬೇಡ. ಅವು ಆ ಕೆಲಸಕ್ಕೆ ಮಾಡಿದ್ದಲ್ಲ.

ಅವತ್ತೇ ಬುದ್ಧಿ ಬರಬೇಕಿತ್ತು. ಆದರೆ ಎರಡು ದಿನ ಬಿಟ್ಟು, ದಪ್ಪ ಸ್ಟ್ಯಾಂಡ್ ತಂದು, ಕಾಂಕ್ರೀಟ್ ನೆಲದ ಮೇಲೆ ಗಾಡಿ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಪಿನ್ನನ್ನು ಹಿಡಿದಿಡುವ ಲಾಕ್ ಪಿನ್ ಹೇಗೋ ಹೊರಗೆ ಬಂತು. ಕಿಂಗ್‌ಪಿನ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ವರ್ಷಗಟ್ಟಲೆ ಗ್ರೀಸ್ ಕಾಣದೆ, ನೀರು ಇಳಿದು, ತುಕ್ಕು ಅದನ್ನು ಬೀಮ್‌ಗೆ ಬೆಸೆದುಬಿಟ್ಟಿತ್ತು. ನಾನು ಗ್ಯಾಸ್ ಟಾರ್ಚ್ ತಂದು ಬೀಮ್‌ನ ತುದಿಯನ್ನು ಕೆಂಪಗಾಗುವ ತನಕ ಕಾಯಿಸಿದೆ. ಒಳಗಿದ್ದ ಹಳೇ ಗ್ರೀಸ್ ಕುದಿದು ಚಟ್ ಅಂತ ಸಿಡಿಯಿತು. ಕನ್ನಡಕ ಹಾಕಿದ್ದರಿಂದ ಕಣ್ಣು ಉಳಿಯಿತು. ಪಿನ್ ಬಂತು. ನಾನು ಗೆದ್ದೆ ಅಂದುಕೊಂಡೆ.

ಹೊಸ ಬುಶ್‌ಗಳನ್ನು ಪಿನ್ನಿನ ಅಳತೆಗೆ ರೀಮರ್ ಹಾಕಿ ಕೊರೆಯಬೇಕು. ಆ ಸಾಮಾನು ನನ್ನ ಹತ್ತಿರ ಇರಲಿಲ್ಲ. ಅದಕ್ಕೇ ಭಾರಿ ಗಾಡಿಗಳ ಕೆಲಸ ಮಾಡುವ ಒಬ್ಬ ಮೇಸ್ತ್ರಿಯನ್ನು ಕರೆಸಿದೆ. ಅವರು ಬುಶ್ ಕಡೆ ನೋಡಲೇ ಇಲ್ಲ. ಬೀಮ್‌ನ ತುದಿಯಲ್ಲಿ ನವಿಲು ಕತ್ತಿನ ಹಾಗೆ ನೀಲಿ ಬಣ್ಣ ತಿರುಗಿತ್ತು. ಅದರ ಮೇಲೆ ಬೆರಳು ಇಟ್ಟು ಕೇಳಿದರು: "ಸರ್, ಇಲ್ಲಿ ಬೆಂಕಿ ಯಾರು ಕೊಟ್ಟಿದ್ದು?"

ಆಕ್ಸಲ್ ಬೀಮ್ ಅಂದರೆ ಬರೀ ಉಕ್ಕಿನ ತುಂಡಲ್ಲ. ಅದನ್ನು ಕಾಯಿಸಿ, ಬಡಿದು, ಹದ ಕೊಟ್ಟು ಮಾಡಿರುತ್ತಾರೆ. ಆ ಹದದಲ್ಲೇ ಅದರ ಬಲ ಇರುವುದು. ಮತ್ತೆ ಕೆಂಪಗೆ ಕಾಯಿಸಿದರೆ ಹದ ಹೋಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ ಅನಿಸುತ್ತದೆ. ಯಾವತ್ತೋ ಒಂದು ದಿನ ಗುಂಡಿಗೆ ಬಿದ್ದಾಗ ಬಾಗಬಹುದು, ಮುರಿಯಲೂಬಹುದು. ಅದನ್ನು ಹಾಕಿಕೊಡುವುದಿಲ್ಲ ಅಂತ ಮೇಸ್ತ್ರಿ ಖಡಾಖಂಡಿತವಾಗಿ ಹೇಳಿದರು. ಬುಶ್ ಕೆಲಸ ಅಂತ ಶುರುವಾದದ್ದು ಇಡೀ ಬೀಮ್ ಹುಡುಕಿ ತರುವ ತನಕ ಹೋಯಿತು. ಅಷ್ಟು ಹಳೇ ಗಾಡಿಗೆ ಬೀಮ್ ಸಿಗುವುದು ಎಷ್ಟು ಕಷ್ಟ ಅಂತ ಹುಡುಕಿದವರಿಗೇ ಗೊತ್ತು. ಗಾಡಿ ತಿಂಗಳುಗಟ್ಟಲೆ ದಿಮ್ಮಿಗಳ ಮೇಲೆ ನಿಂತಿತ್ತು.

ಹೊಸ ಬೀಮ್ ಹಾಕುವಾಗ ಅವರು ಕಮಾನ್ ಪಟ್ಟಿಯನ್ನು ಬೀಮ್‌ಗೆ ಬಿಗಿದಿಡುವ ಹಳೇ ಯು-ಬೋಲ್ಟ್‌ಗಳನ್ನು ಪಕ್ಕಕ್ಕೆ ಎಸೆದು ಹೊಸದೇ ಹಾಕಿದರು. ಚಕ್ರದ ನಡುವಿನ ಹಬ್‌ನಲ್ಲಿ ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ನೂ ಹೊಸದೇ. ಬೇರಿಂಗ್ ನಟ್ಟನ್ನು ಹಬ್ ತಿರುಗಿಸುತ್ತಾ ಬಿಗಿ ಮಾಡಿ, ಮತ್ತೆ ಸಡಿಲ ಮಾಡಿ, ಆಮೇಲೆ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟಕ್ಕೆ ಕೂರಿಸಿದರು. ನಾನಾಗಿದ್ದರೆ ಬಲ ಇದ್ದಷ್ಟೂ ತಿರುಗಿಸಿ ಬಿಗಿ ಮಾಡಿಬಿಡುತ್ತಿದ್ದೆ. ಹಾಗೆ ಬಿಗಿಯಾದ ಬೇರಿಂಗ್ ದಾರಿಯಲ್ಲಿ ಕಾದು ಸುಟ್ಟುಹೋಗುತ್ತದೆ. ಕೊನೆಗೆ ವೀಲ್ ಅಲೈನ್‌ಮೆಂಟ್ ಆಯಿತು.

ಈಗ ಗ್ರೀಸ್ ಕೆಲಸ ಮಾತ್ರ ನಾನೇ ಮಾಡುತ್ತೇನೆ. ಚಕ್ರ ಎತ್ತಿ, ಪಿನ್ನಿನ ಮೇಲಿನ ಭಾರ ಇಳಿಸಿ, ಹಳೇ ಕಪ್ಪು ಗ್ರೀಸ್ ಹೊರಗೆ ಬಂದು ಹೊಸದು ಕಾಣುವ ತನಕ ಗ್ರೀಸ್ ಗನ್ ಒತ್ತುತ್ತೇನೆ.

ನಿಮ್ಮ ಗಾಡಿ ಈಗಾಗಲೇ ಸ್ಟ್ಯಾಂಡ್ ಮೇಲಿದ್ದು, ಪಿನ್ ಅಲ್ಲಾಡದೆ ಕೂತಿದ್ದರೆ, ದಯವಿಟ್ಟು ಟಾರ್ಚ್ ಕೆಳಗಿಡಿ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಬಿಡಿ. ಆಗಲೂ ಬರದಿದ್ದರೆ ಪಿನ್ನನ್ನು ಒತ್ತಿ ಹೊರಗೆ ತಳ್ಳುವ ಹೈಡ್ರಾಲಿಕ್ ಪ್ರೆಸ್ ಇರುವವರನ್ನು ಗಾಡಿ ಇರುವ ಜಾಗಕ್ಕೇ ಕರೆಸಿ. ಅರ್ಧಂಬರ್ಧ ಜೋಡಿಸಿ ಓಡಿಸಿಕೊಂಡು ಹೋಗುವ ಯೋಚನೆ ಮಾತ್ರ ಮಾಡಬೇಡಿ.